ಮಣ್ಣೆತ್ತಿನ ನಾಲ್ಕು ಹೆಜ್ಜೆ

ಕೃಷ್ಣೆ, ದೂಧಗಂಗೆ, ವೇದಗಂಗೆಗಳು ಹರಿಯುವ ಬೆಳಗಾವಿ ಜಿಲ್ಲೆಯ ಉತ್ತರ ಭಾಗದಲ್ಲಿ, ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆಗೆ ಸೇರಿದ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲ್ಲೂಕುಗಳಲ್ಲಿ, ಶಾಲೆಗಳು ಬೇಸಿಗೆಯ ರಜೆ ಮುಗಿಸಿ ಬಾಗಿಲು ತೆರೆದ ಕೆಲವೇ ವಾರಗಳಲ್ಲಿ ಮಣ್ಣೆತ್ತಿನ ಅಮಾವಾಸ್ಯೆ ಬರುತ್ತದೆ. ಜ್ಯೇಷ್ಠ ಮಾಸದ ಆ ಅಮಾವಾಸ್ಯೆಯಂದು ಎರೆಮಣ್ಣನ್ನು ನಾದಿ, ಜೋಡೆತ್ತು ಮತ್ತು ಗೋದಲಿ ಮಾಡಿ ಪೂಜಿಸುವ ಕೆಲಸದಲ್ಲಿ ಮಕ್ಕಳ ಕೈ ದೊಡ್ಡವರ ಕೈಗಿಂತ ಮುಂದಿರುತ್ತದೆ. ಆಷಾಢದಲ್ಲಿ ಗುಳ್ಳವ್ವ, ಶ್ರಾವಣದಲ್ಲಿ ನಾಗಪ್ಪ, ಭಾದ್ರಪದದಲ್ಲಿ ಗಣಪ ಮತ್ತು ಜೋಕುಮಾರ ಎಂದು ಮಣ್ಣಿನ ಪೂಜೆಗಳು ಮುಂದಿನ ಮೂರು ತಿಂಗಳೂ ಸಾಲುಗಟ್ಟುತ್ತವೆ. ಹೀಗೆ ಮಣ್ಣಿನ ಹದ, ಅದು ಬಾಗುವ ಮಿತಿ, ಒಣಗಿದಾಗ ಬಿರಿಯುವ ಜಾಗ ಇವೆಲ್ಲವನ್ನೂ ಬೆರಳಿನಿಂದಲೇ ಅರಿತು ತರಗತಿಗೆ ಬರುವ ಮಗುವಿಗೆ ಮಣ್ಣಿನ ಚಲನಚಿತ್ರ ಮಾಡುವ ಕಲೆಯ ಅರ್ಧ ಭಾಗ ಆಗಲೇ ಕೈವಶವಾಗಿರುತ್ತದೆ. ಉಳಿದರ್ಧ ಕ್ಯಾಮೆರಾಕ್ಕೂ ಲೆಕ್ಕಕ್ಕೂ ಸೇರಿದ್ದು, ಅದನ್ನು ಕಲಿಸುವ ಹೊಣೆ ಶಾಲೆಯದು.

ಜಡವಾದ ಒಂದು ವಸ್ತುವನ್ನು ಕೂದಲೆಳೆಯಷ್ಟು ಸರಿಸಿ ಒಂದು ಛಾಯಾಚಿತ್ರ ತೆಗೆದು, ಮತ್ತಷ್ಟು ಸರಿಸಿ ಇನ್ನೊಂದನ್ನು ತೆಗೆದು, ಹೀಗೆ ಕೂಡಿದ ನೂರಾರು ಚಿತ್ರಗಳನ್ನು ವೇಗವಾಗಿ ಒಂದರ ಹಿಂದೊಂದು ತೋರಿಸಿದಾಗ ವಸ್ತು ತಾನಾಗಿ ಚಲಿಸಿದಂತೆ ಕಾಣುವ ತಂತ್ರಕ್ಕೆ ಸ್ಟಾಪ್ ಮೋಷನ್ ಎಂದು ಹೆಸರು. ವಸ್ತು ಮಣ್ಣಿನದಾದರೆ ಅದನ್ನು ಕ್ಲೇ ಆ್ಯನಿಮೇಷನ್ ಎನ್ನುತ್ತಾರೆ. 2007ರಲ್ಲಿ ತೆರೆಕಂಡ 'ತಾರೇ ಜಮೀನ್ ಪರ್' ಹಿಂದಿ ಚಿತ್ರಕ್ಕಾಗಿ ಧೀಮಂತ್ ವ್ಯಾಸ್ ಅವರು ರೂಪಿಸಿದ ಮಣ್ಣಿನ ದೃಶ್ಯಗಳನ್ನು ಕಂಡವರಿಗೂ, ಬ್ರಿಟನ್ನಿನ ಆರ್ಡ್‌ಮನ್ ಸಂಸ್ಥೆಯ ವಾಲೆಸ್ ಮತ್ತು ಗ್ರೋಮಿಟ್ ಜೋಡಿಯನ್ನು ಬಲ್ಲವರಿಗೂ ಇದು ಹೊಸದಲ್ಲ. ಒಂದೊಂದು ಬಿಡಿ ಚಿತ್ರವನ್ನು ಫ್ರೇಮ್ ಎಂದೂ, ಒಂದು ಸೆಕೆಂಡಿಗೆ ಎಷ್ಟು ಫ್ರೇಮುಗಳು ಕಣ್ಣ ಮುಂದೆ ಹಾಯುತ್ತವೆ ಎಂಬುದನ್ನು ಫ್ರೇಮ್ ದರವೆಂದೂ ಕರೆಯುವುದುಂಟು. ಸಿನಿಮಾದಲ್ಲಿ ಈ ದರ ಸಾಮಾನ್ಯವಾಗಿ 24, ಮಣ್ಣಿನ ಚಿತ್ರಗಳಲ್ಲಿ ಒಂದೇ ಭಂಗಿಯನ್ನು ಎರಡು ಫ್ರೇಮುಗಳಿಗೆ ಉಳಿಸಿಕೊಂಡು 12 ಭಂಗಿಗಳಲ್ಲಿಯೇ ಒಂದು ಸೆಕೆಂಡನ್ನು ಮುಗಿಸುವ ರೂಢಿಯೂ ಇದೆ.

ನಿಂತ ಚಿತ್ರಗಳಿಂದ ಚಲನೆ ಹುಟ್ಟುವುದು ಹೇಗೆ ಎಂಬ ಪ್ರಶ್ನೆಗೆ ಬಹುಕಾಲ ಕೊಡುತ್ತಿದ್ದ ಉತ್ತರವೆಂದರೆ, ಒಂದು ಬಿಂಬ ಕಣ್ಣಿನ ಅಕ್ಷಿಪಟದ ಮೇಲೆ ಅಳಿಯದೆ ಕ್ಷಣಕಾಲ ಉಳಿದು ಮುಂದಿನ ಬಿಂಬದೊಂದಿಗೆ ಬೆರೆಯುತ್ತದೆ ಎಂಬುದು. ದೃಷ್ಟಿಯ ಈ ನಿಲುಗಡೆ ಇರುವುದು ನಿಜವಾದರೂ, ಅದೊಂದೇ ಕೆಲಸ ಮಾಡಿದ್ದರೆ ಬಿಂಬಗಳು ಒಂದರ ಮೇಲೊಂದು ಬಿದ್ದು ಮಸುಕಾದ ರಾಶಿ ಕಾಣಬೇಕಿತ್ತೇ ಹೊರತು ನಡೆಯುವ ಎತ್ತು ಕಾಣುತ್ತಿರಲಿಲ್ಲ. ಜರ್ಮನಿಯ ಮನೋವಿಜ್ಞಾನಿ ಮ್ಯಾಕ್ಸ್ ವರ್ತೈಮರ್ 1912ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಪಕ್ಕಪಕ್ಕದ ಎರಡು ಗೆರೆಗಳನ್ನು ಒಂದಾದ ಮೇಲೊಂದು ಮಿನುಗಿಸಿ ತೋರಿಸಲಾಯಿತು. ನಡುವಿನ ಬಿಡುವು ಸೆಕೆಂಡಿನ ಐದನೆಯ ಒಂದು ಭಾಗದಷ್ಟಿದ್ದಾಗ ನೋಡುಗರಿಗೆ ಎರಡು ಬೇರೆ ಗೆರೆಗಳು ಕಂಡವು, ತೀರ ಕಿರಿದಾದಾಗ ಎರಡೂ ಒಟ್ಟಿಗೆ ಹೊತ್ತಿದಂತೆ ಕಂಡವು, ಆದರೆ ಸುಮಾರು 60 ಮಿಲಿಸೆಕೆಂಡುಗಳ ಆಸುಪಾಸಿನಲ್ಲಿ ಒಂದೇ ಗೆರೆ ಇಲ್ಲಿಂದ ಅಲ್ಲಿಗೆ ಸರಿದಂತೆ ಕಂಡಿತು. ಸರಿದದ್ದು ಏನೂ ಇರಲಿಲ್ಲ. ನಡುವಿನ ದಾರಿಯನ್ನು ಮಿದುಳು ತಾನೇ ಕಟ್ಟಿಕೊಂಡಿತ್ತು. ಎರಡು ಭಂಗಿಗಳ ಅಂತರ ಚಿಕ್ಕದಾಗಿದ್ದು ಬಿಡುವೂ ಚಿಕ್ಕದಾಗಿದ್ದಾಗ ಮಾತ್ರ ಮಿದುಳು ಈ ಉಪಕಾರ ಮಾಡುತ್ತದೆ ಎಂಬುದನ್ನು ಪಾಠವಾಗಿ ಹೇಳುವುದಕ್ಕಿಂತ, ಒಂದೇ ಎತ್ತಿನ ಚಿತ್ರವನ್ನು ಅರ್ಧ ಸೆಂಟಿಮೀಟರ್ ಜರುಗಿಸಿ ಒಮ್ಮೆ, ಐದು ಸೆಂಟಿಮೀಟರ್ ಜರುಗಿಸಿ ಇನ್ನೊಮ್ಮೆ ತೆಗೆಸಿದರೆ ಮೊದಲನೆಯದು ನಡೆಯುವುದನ್ನೂ ಎರಡನೆಯದು ಕುಪ್ಪಳಿಸುವುದನ್ನೂ ಏಳನೆಯ ತರಗತಿಯ ಮಗು ಕಣ್ಣಾರೆ ಕಾಣುತ್ತದೆ.

ಎತ್ತನ್ನು ನಡೆಸುವುದು ಎಂದಾಕ್ಷಣ ಮಣ್ಣಿನ ತರಗತಿಯ ಅತ್ಯಂತ ಫಲವತ್ತಾದ ತೊಡಕು ಎದುರಾಗುತ್ತದೆ. ಅಮಾವಾಸ್ಯೆಯ ಮಣ್ಣೆತ್ತಿಗೆ ನಾಲ್ಕು ಗಿಡ್ಡ ಕಾಲುಗಳು ನೇರವಾಗಿ ಊರಿದ್ದರೆ ಸಾಕು. ನಡೆಯುವ ಎತ್ತಿಗೆ ಯಾವ ಕಾಲು ಮೊದಲು ಏಳಬೇಕು, ಅದರ ಹಿಂದೆ ಯಾವುದು, ಎಂಬುದನ್ನು ಫ್ರೇಮಿನಿಂದ ಫ್ರೇಮಿಗೆ ತೀರ್ಮಾನಿಸದೆ ಒಂದು ಹೆಜ್ಜೆಯೂ ಮುಂದೆ ಹೋಗುವಂತಿಲ್ಲ. ದಿನವೂ ಎತ್ತುಗಳನ್ನು ನೋಡುವ ಮಕ್ಕಳೂ ಎಡ ಮುಂಗಾಲು ಮತ್ತು ಬಲ ಹಿಂಗಾಲುಗಳನ್ನು ಒಟ್ಟಿಗೆ ಎತ್ತಿಸುವುದು ಸಹಜ, ಏಕೆಂದರೆ ಓಡುನಡಿಗೆಯ ಕುದುರೆಯಲ್ಲಿ ಹಾಗಾಗುತ್ತದೆ, ಅಂಬೆಗಾಲಿಡುವ ಕೂಸಿನಲ್ಲಿಯೂ ಬಹುಮಟ್ಟಿಗೆ ಹಾಗೆಯೇ. ನಿಧಾನವಾಗಿ ನಡೆಯುವ ಎತ್ತಿನ ಕ್ರಮ ಬೇರೆ: ಎಡ ಹಿಂಗಾಲು, ಎಡ ಮುಂಗಾಲು, ಬಲ ಹಿಂಗಾಲು, ಬಲ ಮುಂಗಾಲು. ಕುದುರೆ, ನಾಯಿ, ಎಮ್ಮೆ ಮೊದಲಾದ ಬಹುಪಾಲು ಚತುಷ್ಪಾದಿಗಳ ನಡಿಗೆಯೂ ಇದೇ, ಈ ಕ್ರಮದಲ್ಲಿ ದೇಹಕ್ಕೆ ಹೆಚ್ಚು ಹೊತ್ತು ಮೂರು ಕಾಲುಗಳ ಆಸರೆ ಸಿಗುವುದರಿಂದ ಪ್ರಾಣಿ ತೂಕ ತಪ್ಪುವುದಿಲ್ಲ. ಓಡುವ ಕುದುರೆಯ ನಾಲ್ಕೂ ಗೊರಸುಗಳು ಒಮ್ಮೆ ನೆಲ ಬಿಡುತ್ತವೆಯೇ ಎಂಬುದನ್ನು ಅಮೆರಿಕದಲ್ಲಿ ಎಡ್ವರ್ಡ್ ಮೈಬ್ರಿಜ್ 1878ರಲ್ಲಿ ಸಾಲು ಕ್ಯಾಮೆರಾಗಳಿಂದ ಚಿತ್ರ ತೆಗೆದು ತೋರಿಸಿ ಒಂದೂಕಾಲು ಶತಮಾನ ಕಳೆದ ಮೇಲೆಯೂ, ಹಂಗರಿಯ ಗಾಬೋರ್ ಹೋರ್ವಾಟ್ ಮತ್ತು ಸಂಗಡಿಗರು 2009ರಲ್ಲಿ ವಸ್ತುಸಂಗ್ರಹಾಲಯಗಳ ಪ್ರಾಣಿ ಮಾದರಿಗಳನ್ನೂ ಆಟಿಕೆಗಳನ್ನೂ ಅಂಗರಚನೆಯ ಪುಸ್ತಕಗಳ ಚಿತ್ರಗಳನ್ನೂ ಪರಿಶೀಲಿಸಿದಾಗ ಅವುಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟರಲ್ಲಿ ನಡಿಗೆಯ ಕಾಲುಗಳು ತಪ್ಪಾಗಿಯೇ ಇದ್ದವು. ತಜ್ಞರ ಕೈಯೂ ತಪ್ಪುವ ಈ ಜಾಗದಲ್ಲಿ ಮಗು ತಪ್ಪಿದರೆ ಅದು ಸಂಕೋಚಪಡುವ ವಿಷಯವಲ್ಲ. ತಪ್ಪಿದ ಎತ್ತು ತೆರೆಯ ಮೇಲೆ ಕುಂಟುವುದನ್ನು ಕಂಡು, ಮರುದಿನ ಹೊಲದ ದಾರಿಯಲ್ಲಿ ಎತ್ತಿನ ಕಾಲುಗಳನ್ನೇ ನೋಡುತ್ತ ನಿಲ್ಲುವ ಮಗು, ವೀಕ್ಷಣೆ ಎಂಬ ವಿಜ್ಞಾನದ ಮೂಲ ಕೆಲಸವನ್ನು ಯಾರೂ ಹೇಳದೆ ಆರಂಭಿಸಿರುತ್ತದೆ.

ಪಠ್ಯಪುಸ್ತಕದ ಚಿತ್ರಗಳಿಗೂ ಮಣ್ಣಿನ ಚಿತ್ರಕ್ಕೂ ಇರುವ ಮುಖ್ಯ ಅಂತರ ಇಲ್ಲಿಯೇ ಇದೆ. ಕೋಶ ವಿಭಜನೆಯ ಪಾಠದಲ್ಲಿ ನಾಲ್ಕೈದು ಹಂತಗಳ ಚಿತ್ರಗಳಿರುತ್ತವೆ, ಜ್ವಾಲಾಮುಖಿಯ ಪಾಠದಲ್ಲಿ ಮೊದಲು ಮತ್ತು ಆಮೇಲೆ ಎಂಬ ಎರಡು ಚಿತ್ರಗಳಿರುತ್ತವೆ, ಮಗು ಅವನ್ನು ಕಂಠಪಾಠ ಮಾಡಿ ಪರೀಕ್ಷೆಯಲ್ಲಿ ಬರೆದು ಅಂಕ ಪಡೆಯಬಹುದು. ಒಂದು ಹಂತ ಇನ್ನೊಂದಾಗುವುದು ಹೇಗೆ ಎಂಬುದನ್ನು ಪುಸ್ತಕವೂ ಕೇಳುವುದಿಲ್ಲ, ಉತ್ತರಪತ್ರಿಕೆಯೂ ಕೇಳುವುದಿಲ್ಲ. ಮಣ್ಣಿನ ಚಿತ್ರ ತೆಗೆಯುವವರು ಆ ನಡುವಿನ ಜಾಗವನ್ನು ದಾಟಿಹೋಗಲಾರರು, ಏಕೆಂದರೆ ಅಲ್ಲಿ ಹತ್ತೋ ಇಪ್ಪತ್ತೋ ಫ್ರೇಮುಗಳು ಖಾಲಿ ಕಾದಿರುತ್ತವೆ, ಪ್ರತಿಯೊಂದಕ್ಕೂ ಒಂದು ಭಂಗಿಯನ್ನು ಕೈಯಾರೆ ಮಾಡಿ ಇಡಲೇಬೇಕಾಗುತ್ತದೆ. ಮಣ್ಣು ಮತ್ತು ಕ್ಯಾಮೆರಾಗಳ ಈ ಜೋಡಿ ತರಗತಿಗೆ ಬರಬೇಕೆನ್ನುವುದಕ್ಕೆ ಮನರಂಜನೆಗಿಂತ ಬಲವಾದ ಕಾರಣ ಈ ಒತ್ತಾಯವೇ.

ಒಂಬತ್ತನೆಯ ತರಗತಿಯ ಗುರುತ್ವದ ಪಾಠ ಇದಕ್ಕೆ ಚೊಕ್ಕ ನಿದರ್ಶನ. ಮಣ್ಣಿನ ಚೆಂಡೊಂದು ಮೇಲಿನಿಂದ ಬೀಳುವುದನ್ನು ತೋರಿಸಲು ಮಕ್ಕಳು ಅದನ್ನು ಪ್ರತಿ ಫ್ರೇಮಿಗೂ ಸಮನಾದ ದೂರ ಇಳಿಸಿದರೆ, ತೆರೆಯ ಮೇಲೆ ಚೆಂಡು ಬೀಳುವುದರ ಬದಲು ದಾರಕ್ಕೆ ಕಟ್ಟಿ ಇಳಿಬಿಟ್ಟಂತೆ ತೇಲಿ ಬರುತ್ತದೆ. ಸೆಕೆಂಡಿಗೆ 12 ಫ್ರೇಮಿನ ದರದಲ್ಲಿ, ಬಿಡಲ್ಪಟ್ಟ ವಸ್ತು ಮೊದಲ ಫ್ರೇಮಿನ ಅವಧಿಯಲ್ಲಿ ಸುಮಾರು 3.4 ಸೆಂ.ಮೀ., ಎರಡನೆಯದರಲ್ಲಿ 10.2, ಮೂರನೆಯದರಲ್ಲಿ 17, ನಾಲ್ಕನೆಯದರಲ್ಲಿ 23.8 ಸೆಂ.ಮೀ. ಇಳಿಯಬೇಕು, ಈ ದೂರಗಳು 1, 3, 5, 7 ಎಂಬ ಬೆಸಸಂಖ್ಯೆಗಳ ಪ್ರಮಾಣದಲ್ಲಿವೆ ಎಂಬುದನ್ನು ಗೆಲಿಲಿಯೋ ಇಳಿಜಾರಿನ ಮೇಲೆ ಗುಂಡುಗಳನ್ನು ಉರುಳಿಸಿ ಕಂಡುಕೊಂಡಿದ್ದನು. ಈ ಗುರುತುಗಳನ್ನು ಹಿನ್ನೆಲೆಯ ರಟ್ಟಿನ ಮೇಲೆ ಸೀಸದಕಡ್ಡಿಯಿಂದ ತೆಳುವಾಗಿ ಹಾಕಿಕೊಂಡು ಮತ್ತೆ ಚಿತ್ರ ತೆಗೆದಾಗ ಚೆಂಡಿಗೆ ತೂಕ ಬಂದಂತೆ ಕಾಣುತ್ತದೆ, ಸೂತ್ರದಲ್ಲಿದ್ದ ಕಾಲದ ವರ್ಗ ಏನೆಂಬುದು ಆಗ ಕಣ್ಣಿಗೆ ಕಾಣುವ ಸಂಗತಿಯಾಗುತ್ತದೆ.

ಮಣ್ಣಿನ ಬಗ್ಗೆಯೇ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಈ ಐದು ತಾಲ್ಲೂಕುಗಳ ಹೊಲಗಳಲ್ಲಿ ಹೆಚ್ಚಾಗಿ ಕಾಣುವ ಎರೆಮಣ್ಣು ಸ್ಟಾಪ್ ಮೋಷನ್‌ಗೆ ಒಲಿಯುವುದೂ ಮುನಿಯುವುದೂ ಒಂದೇ ಗುಣದಿಂದ. ಇದರಲ್ಲಿ ಸ್ಮೆಕ್ಟೈಟ್ ಎಂಬ ಗುಂಪಿನ ಜೇಡಿ ಖನಿಜಗಳು ತುಂಬಿರುತ್ತವೆ. ಒಂದು ಮಿಲಿಮೀಟರಿನ ಹತ್ತು ಲಕ್ಷದ ಒಂದು ಭಾಗದಷ್ಟು ತೆಳ್ಳಗಿನ ಪದರಗಳು ಇಸ್ಪೀಟೆಲೆಗಳ ಕಟ್ಟಿನಂತೆ ಜೋಡಿಕೊಂಡಿದ್ದು, ಪದರಗಳ ಸಂದಿಗೆ ನೀರು ನುಗ್ಗಿದಾಗ ಕಟ್ಟು ಉಬ್ಬುತ್ತದೆ, ಎಲೆಗಳು ಒಂದರ ಮೇಲೊಂದು ಜಾರುತ್ತವೆ, ಆದ್ದರಿಂದಲೇ ಹಸಿ ಎರೆಮಣ್ಣು ಬೆರಳು ಹೇಳಿದಂತೆ ಬಾಗುತ್ತದೆ. ನೀರು ಆವಿಯಾದಂತೆ ಎಲೆಗಳು ಮತ್ತೆ ಒತ್ತೊತ್ತಾಗಿ ಕೂಡುವುದರಿಂದ ಮಣ್ಣು ಕುಗ್ಗಿ ಬಿರಿಯುತ್ತದೆ. ಬೇಸಿಗೆಯಲ್ಲಿ ಎರೆಹೊಲಗಳಲ್ಲಿ ಕಾಲು ಸಿಕ್ಕುವಷ್ಟು ಅಗಲವಾಗಿ ಬಾಯಿಬಿಡುವ ಬಿರುಕುಗಳು ಹೇಗೋ, ದೀಪದ ಬಿಸಿಗೆ ಒಂದು ಗಂಟೆ ಒಡ್ಡಿದ ಮಣ್ಣೆತ್ತಿನ ಮೊಣಕಾಲಿನ ಬಿರುಕೂ ಹಾಗೆಯೇ.

ಈ ತೊಂದರೆಯನ್ನು ಬ್ರಿಟನ್ನಿನಲ್ಲಿ ಬಿಡಿಸಲು ಹೊರಟವರೂ ಒಬ್ಬ ಶಿಕ್ಷಕರೇ. ಬಾತ್ ಪಟ್ಟಣದಲ್ಲಿ ಕಲೆಯನ್ನು ಕಲಿಸುತ್ತಿದ್ದ ವಿಲಿಯಂ ಹಾರ್ಬಟ್ ಅವರು ತಮ್ಮ ವಿದ್ಯಾರ್ಥಿಗಳ ಕೈಯಲ್ಲಿ ಒಣಗದ ಮಣ್ಣೊಂದು ಬೇಕೆಂದು 1897ರಲ್ಲಿ ರೂಪಿಸಿದ ಪ್ಲಾಸ್ಟಿಸಿನ್, ಸುಣ್ಣಕಲ್ಲಿನ ಪುಡಿಯಂಥ ಕ್ಯಾಲ್ಸಿಯಂ ಲವಣಗಳು, ಪೆಟ್ರೋಲಿಯಂ ಜೆಲ್ಲಿ ಮತ್ತು ಕೊಬ್ಬಿನಾಮ್ಲಗಳ ಮಿಶ್ರಣ. ನೀರಿನ ಜಾಗದಲ್ಲಿ ಆವಿಯಾಗದ ಜಿಡ್ಡು ಇರುವುದರಿಂದ ಅದು ದಿನಗಟ್ಟಲೆ ಮೃದುವಾಗಿಯೇ ಉಳಿಯುತ್ತದೆ. ಇಂದು ಅಂಗಡಿಗಳಲ್ಲಿ ಬಣ್ಣದ ಕಡ್ಡಿಗಳಾಗಿ ಸಿಗುವ ಕ್ಲೇ ಈ ಕುಲಕ್ಕೆ ಸೇರಿದ್ದು. ಅದನ್ನು ಇಡೀ ತರಗತಿಗೆ ಕೊಳ್ಳಲಾಗದ ಕಡೆ ಹಿಟ್ಟು, ಉಪ್ಪು, ನೀರು ಮತ್ತು ತುಸು ಎಣ್ಣೆ ಕಲಸಿದ ಕಣಕವೂ ನಡೆಯುತ್ತದೆ, ಉಪ್ಪು ತೇವವನ್ನು ಹಿಡಿದಿಡುವುದರ ಜೊತೆಗೆ ಬೂಷ್ಟನ್ನೂ ತಡೆಯುತ್ತದೆ. ಹಾಗೆಂದು ಎರೆಮಣ್ಣನ್ನು ಪೂರ್ತಿ ಬಿಟ್ಟುಬಿಡುವುದು ಸರಿಯಲ್ಲ. ಬೆಟ್ಟ, ನದಿಯ ದಂಡೆ, ಹೊಲ ಮುಂತಾದ ಕದಲದ ಹಿನ್ನೆಲೆಗಳಿಗೆ ಅದಕ್ಕಿಂತ ಒಳ್ಳೆಯದು ಇಲ್ಲ, ಕದಲುವ ಪಾತ್ರಗಳ ಕಾಲುಗಳಿಗೆ ಮಾತ್ರ ಒಳಗೊಂದು ಮೆದು ತಂತಿಯ ಎಲುಬನ್ನಿಟ್ಟು ಜಿಡ್ಡಿನ ಕ್ಲೇಯನ್ನು ಮೆತ್ತಿದರೆ ಸಾಕು. ಮಣ್ಣಿನ ಹದದ ಬಗ್ಗೆ ಊರಿನ ಕುಂಬಾರರನ್ನು ತರಗತಿಗೆ ಕರೆಸುವುದು ಯಾವ ಕೈಪಿಡಿಗಿಂತಲೂ ಮೇಲು. ಇದೇ ಜಿಲ್ಲೆಯ ಖಾನಾಪುರದಲ್ಲಿ ಗ್ರಾಮೀಣ ಕುಂಬಾರಿಕೆಯ ಕೇಂದ್ರ ತರಬೇತಿ ಸಂಸ್ಥೆಯೇ ಇರುವುದನ್ನೂ ಶಿಕ್ಷಕರು ನೆನಪಿನಲ್ಲಿಡಬಹುದು.

ಈ ಎರೆಮಣ್ಣಿನ ಹುಟ್ಟೇ ಒಂದು ಚಿತ್ರಕ್ಕೆ ವಸ್ತುವಾಗಬಲ್ಲದು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖ್ಖನ್ನಿನಲ್ಲಿ ಉಕ್ಕಿ ಹರಡಿದ ಲಾವಾ ತಣಿದು ಕರಿಯ ಬಸಾಲ್ಟ್ ಶಿಲೆಯಾಯಿತು, ಅದು ಶಿಥಿಲವಾಗಿ ಎರೆಮಣ್ಣಾಯಿತು. ಈ ತಾಲ್ಲೂಕುಗಳು ಆ ಲಾವಾ ಹಾಸಿನ ದಕ್ಷಿಣದ ಅಂಚಿನಲ್ಲಿವೆ, ಘಟಪ್ರಭೆ ಧುಮುಕುವ ಗೋಕಾಕದ ಕಡೆಗೆ ಸಾಗಿದರೆ ಅದಕ್ಕಿಂತ ಎಷ್ಟೋ ಹಳೆಯ ಮರಳುಗಲ್ಲು ಕಾಣಸಿಗುತ್ತದೆ. ಲಾವಾ ಉಕ್ಕಿದಾಗ ಭಾರತದ ಭೂಫಲಕ, ಅಂದರೆ ಭೂಮಿಯ ಮೇಲ್ಪದರದ ತೇಲುವ ತುಂಡು, ಭೂಮಧ್ಯರೇಖೆಯ ದಕ್ಷಿಣದಲ್ಲಿ, ಇಂದಿನ ರಿಯೂನಿಯನ್ ದ್ವೀಪದ ಬಳಿಯಲ್ಲಿತ್ತು. ಒಂದು ಫ್ರೇಮಿಗೆ 10 ಲಕ್ಷ ವರ್ಷ ಎಂದು ಲೆಕ್ಕ ಹಿಡಿದರೆ ಅಲ್ಲಿಂದ ಇಲ್ಲಿಯವರೆಗಿನ ಪಯಣಕ್ಕೆ 66 ಫ್ರೇಮುಗಳು ಬೇಕು, ಸೆಕೆಂಡಿಗೆ 6ರಂತೆ ಓಡಿಸಿದರೆ ಅದು 11 ಸೆಕೆಂಡಿನ ಚಿತ್ರ. ಹಲಗೆಯ ಮೇಲಿನ 1 ಸೆಂ.ಮೀ. ನೆಲದ ಮೇಲಿನ 100 ಕಿ.ಮೀ.ಗೆ ಸಮ ಎಂದಿಟ್ಟುಕೊಂಡರೆ, ವರ್ಷಕ್ಕೆ ಸುಮಾರು 15 ಸೆಂ.ಮೀ. ವೇಗದಲ್ಲಿ ಉತ್ತರಕ್ಕೆ ಧಾವಿಸುತ್ತಿದ್ದ ಫಲಕವನ್ನು ಮೊದಲ ಹದಿನಾರು ಫ್ರೇಮುಗಳಲ್ಲಿ ಒಂದೂವರೆ ಸೆಂಟಿಮೀಟರಿನಂತೆ ತಳ್ಳಬೇಕಾಗುತ್ತದೆ. ಸುಮಾರು 5 ಕೋಟಿ ವರ್ಷಗಳ ಹಿಂದೆ ಏಷ್ಯಾದೊಂದಿಗೆ ಡಿಕ್ಕಿಯಾದ ಮೇಲೆ ವೇಗ ಕುಗ್ಗಿ ಇಂದು ವರ್ಷಕ್ಕೆ 5 ಸೆಂ.ಮೀ. ಆಸುಪಾಸಿನಲ್ಲಿ ಇರುವುದರಿಂದ, ಉಳಿದ ಫ್ರೇಮುಗಳಲ್ಲಿ ಅರ್ಧ ಸೆಂಟಿಮೀಟರಿಗಿಂತ ಹೆಚ್ಚು ಸರಿಸುವಂತಿಲ್ಲ. ಲೆಕ್ಕ ಸ್ಥೂಲವಾದದ್ದೇ ಸರಿ. ಆದರೆ ಎದುರಿನ ಮಣ್ಣು ಅಡ್ಡಗಟ್ಟಿದಾಗ ಕೈ ತಾನಾಗಿ ನಿಧಾನವಾಗುವುದೂ, ತಳ್ಳಿದ ಮಣ್ಣು ಹೋಗಲು ಜಾಗವಿಲ್ಲದೆ ಮಡಿಕೆಗೊಂಡು ಮೇಲೇಳುವುದೂ ಬೆರಳಿಗೆ ಗೊತ್ತಾಗುತ್ತದೆ, ಹಿಮಾಲಯ ಏಕೆ ಎದ್ದಿತು ಎಂಬ ಪ್ರಶ್ನೆಗೆ ಆ ಮಡಿಕೆಗಿಂತ ನೇರವಾದ ಉತ್ತರವನ್ನು ಕೊಡುವುದು ಕಷ್ಟ.

ಇದೇ ಬಗೆಯಲ್ಲಿ, 2005 ಮತ್ತು 2019ರ ಪ್ರವಾಹಗಳನ್ನು ಕಂಡ ಈ ನದೀತೀರದ ಊರುಗಳ ಮಕ್ಕಳಿಗೆ, ಕೃಷ್ಣೆ ತುಂಬಿ ಹರಿಯುವಾಗ ದೂಧಗಂಗೆಯ ನೀರು ಸೇರಲು ಎಡೆ ಸಿಗದೆ ಹಿಂದಕ್ಕೆ ಒತ್ತಿ ದಂಡೆ ಮೀರುವ ಬಗೆಯನ್ನು ನೀಲಿ ಕ್ಲೇಯ ಎಳೆಗಳಿಂದ ತೋರಿಸಲು ಹೇಳಬಹುದು. ನೀರು ಮೇಲಿನಿಂದಷ್ಟೇ ಬರುತ್ತದೆ ಎಂಬ ನಂಬಿಕೆ ಅಲ್ಲಿ ಅಲುಗುತ್ತದೆ.

ಮಣ್ಣು ತಪ್ಪು ಕಲಿಸಬಹುದು ಎಂಬ ಆಕ್ಷೇಪವನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು. ಕಬ್ಬಿನ ಸೀಮೆಯಾದ ಇಲ್ಲಿ ಬೆಲ್ಲದ ಗಾಣವನ್ನು ಕಾಣದ ಮಕ್ಕಳು ಕಡಿಮೆ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿದು ಬೆಲ್ಲವಾಗುವುದನ್ನು ಅಣುಗಳ ಮಟ್ಟದಲ್ಲಿ ತೋರಿಸಲು, ನೀರಿನ ಅಣುವಿಗೊಂದು ಬಣ್ಣ, ಸಕ್ಕರೆಯ ಅಣುವಿಗೊಂದು ಬಣ್ಣ ಎಂದು ಗೋಲಿಗಳನ್ನು ಮಾಡಿಕೊಂಡ ಗುಂಪೊಂದು, ಬಿಸಿಯಾದಂತೆ ಗೋಲಿಗಳ ಗಾತ್ರವನ್ನೇ ಹಿಗ್ಗಿಸತೊಡಗುವ ಸಂಭವ ಬಹಳ. ಕಾಯಿಸಿದಾಗ ವಸ್ತು ಹಿಗ್ಗುವುದು ಅಣುಗಳ ನಡುವಿನ ಅಂತರ ಹೆಚ್ಚುವುದರಿಂದಲೇ ಹೊರತು ಅಣುಗಳು ಉಬ್ಬುವುದರಿಂದಲ್ಲ. ಅಣುಗಳೇ ಹಿಗ್ಗುತ್ತವೆ ಎಂಬುದು ನಾನಾ ದೇಶಗಳ ಮಕ್ಕಳಲ್ಲಿ ಶಿಕ್ಷಣ ಸಂಶೋಧಕರು ಗುರುತಿಸಿರುವ ತಪ್ಪು ಕಲ್ಪನೆ. ಬರೆಹದ ಉತ್ತರದಲ್ಲಿ 'ಹಿಗ್ಗುತ್ತದೆ' ಎಂಬ ಒಂದು ಪದದ ಹಿಂದೆ ಅವಿತುಕೊಂಡಿದ್ದ ಈ ಕಲ್ಪನೆ ಮಣ್ಣಿನಲ್ಲಿ ಅವಿತುಕೊಳ್ಳಲಾರದೆ ಹೊರಬೀಳುತ್ತದೆ, ಶಿಕ್ಷಕರು ಅದನ್ನು ಅಲ್ಲಿಯೇ ಹಿಡಿದು, ಗೋಲಿಯ ಗಾತ್ರವನ್ನು ಮುಟ್ಟದೆ ಅಂತರವನ್ನಷ್ಟೇ ಬದಲಿಸಲು ಹೇಳಬಹುದು. ಚಿತ್ರೀಕರಣದ ವೇಳೆ ಶಿಕ್ಷಕರು ಗುಂಪಿನಿಂದ ಗುಂಪಿಗೆ ಓಡಾಡದೆ ಮೇಜಿನಲ್ಲಿ ಕುಳಿತಿದ್ದರೆ ಮಾತ್ರ ಆಕ್ಷೇಪ ನಿಜವಾಗುತ್ತದೆ.

ತರಗತಿಯ ಸಮಯಕ್ಕೆ ಈ ಕೆಲಸವನ್ನು ಹೊಂದಿಸಿದ ಶ್ರೇಯ ಆಸ್ಟ್ರೇಲಿಯಾದ ವೊಲೊಂಗೊಂಗ್ ವಿಶ್ವವಿದ್ಯಾಲಯದ ಗ್ಯಾರಿ ಹೋಬನ್ ಅವರಿಗೆ ಸಲ್ಲಬೇಕು. ಶಿಕ್ಷಕ ತರಬೇತಿಯ ವಿದ್ಯಾರ್ಥಿಗಳಿಗಾಗಿ ಅವರು ಬೆಳೆಸಿದ, ನಿಧಾನ ಆ್ಯನಿಮೇಷನ್ ಎಂಬರ್ಥದ 'ಸ್ಲೋಮೇಷನ್' ಪದ್ಧತಿಯಲ್ಲಿ ಸೆಕೆಂಡಿಗೆ ಎರಡೇ ಫ್ರೇಮು. ಮಾದರಿಗಳನ್ನು ನಿಲ್ಲಿಸದೆ ಮೇಜಿನ ಮೇಲೆ ಮಲಗಿಸಿ ಮೇಲಿನಿಂದ ಚಿತ್ರ ತೆಗೆಯುವುದರಿಂದ ಬೀಳುವ ಭಯವೂ ಇಲ್ಲ. ವರ್ತೈಮರ್ ಕಂಡ ಮಿತಿಯ ಪ್ರಕಾರ ಈ ದರದಲ್ಲಿ ನಯವಾದ ಚಲನೆ ಕಾಣುವುದಿಲ್ಲ, ಹಾಗಿದ್ದೂ ಒಂದು ನಿಮಿಷಕ್ಕೆ 720ರ ಬದಲು 120 ಚಿತ್ರಗಳು ಸಾಕಾಗುವುದರಿಂದ, ಒಂದು ಚಿತ್ರಕ್ಕೆ ಅರ್ಧ ನಿಮಿಷ ಹಿಡಿದರೂ 40 ನಿಮಿಷದ ಎರಡು ಪೀರಿಯಡ್‌ಗಳಲ್ಲಿ ಕೆಲಸ ಮುಗಿಯುತ್ತದೆ. ಟಿಪ್ಪಣಿ, ಚಿತ್ರಗಳ ಅನುಕ್ರಮಪಟ್ಟಿ, ಮಾದರಿ, ಛಾಯಾಚಿತ್ರಗಳು, ಕೊನೆಗೆ ವಿವರಣೆಯ ದನಿ ಸೇರಿದ ಚಿತ್ರ ಎಂದು ಒಂದೇ ಪರಿಕಲ್ಪನೆಯನ್ನು ಐದು ರೂಪಗಳಿಗೆ ಇಳಿಸುವಾಗ ಪ್ರತಿ ಇಳಿತದಲ್ಲಿಯೂ ಅದನ್ನು ಮತ್ತೆ ಯೋಚಿಸಬೇಕಾಗುತ್ತದೆ ಎಂಬುದು ಹೋಬನ್ ಅವರ ವಾದ. ಎತ್ತಿನ ನಡಿಗೆಗೆ ಈ ದರ ಸಾಲದು. ಕೋಶ ವಿಭಜನೆಗೆ ಧಾರಾಳ ಸಾಕು.

ಯಾವುದಕ್ಕೆ ಮಣ್ಣು ಬೇಡ ಎಂಬುದೂ ಅಷ್ಟೇ ಮುಖ್ಯ. ಬೀಜ ಮೊಳೆಯುವುದನ್ನು ಹಸಿರು ಕ್ಲೇಯಿಂದ ತೋರಿಸುವುದು ಶ್ರಮದ ಅಪವ್ಯಯ, ಏಕೆಂದರೆ ಬೀಜವೇ ಕೈಗೆ ಸಿಗುತ್ತದೆ. ಭಾರತೀಯ ಚಲನಚಿತ್ರದ ಆದ್ಯರಾದ ದಾದಾಸಾಹೇಬ್ ಫಾಲ್ಕೆಯವರು 1912ರಲ್ಲಿ, 'ರಾಜಾ ಹರಿಶ್ಚಂದ್ರ'ಕ್ಕೆ ಹಣ ಹೊಂದಿಸುವ ಮುನ್ನ, ಕುಂಡದಲ್ಲಿ ನೆಟ್ಟ ಬಟಾಣಿ ಬೀಜ ಗಿಡವಾಗುವುದನ್ನು ದಿನವೂ ಬಿಡಿ ಫ್ರೇಮುಗಳಲ್ಲಿ ಹಿಡಿದು ಚಿಕ್ಕ ಚಿತ್ರವೊಂದನ್ನು ಮಾಡಿದರು, ಕೆಲವು ವರ್ಷಗಳ ಬಳಿಕ ಬೆಂಕಿಕಡ್ಡಿಗಳನ್ನು ಕುಣಿಸಿಯೂ ಚಿತ್ರ ತೆಗೆದರು. ತೀರ ಚಿಕ್ಕದು, ತೀರ ದೊಡ್ಡದು, ಮನುಷ್ಯನ ಆಯುಸ್ಸಿಗೆ ನಿಲುಕದಷ್ಟು ನಿಧಾನವಾದದ್ದು ಇವುಗಳಿಗೆ ಮಣ್ಣು. ಬಟಾಣಿಗೆ ಬಟಾಣಿಯೇ ಸಾಕು.

ಸಲಕರಣೆಗಳ ವಿಷಯ ಹೆಚ್ಚು ಬೆಳೆಸಬೇಕಾದದ್ದಲ್ಲ. ಶಿಕ್ಷಕರ ಒಂದು ಮೊಬೈಲ್, ಅದನ್ನು ಕದಲದಂತೆ ಹಿಡಿದಿಡುವ ಇಟ್ಟಿಗೆಗಳ ಒಂದು ಗೂಡು, ಹಿಂದಿನ ಫ್ರೇಮನ್ನು ಮಸುಕಾಗಿ ತೋರಿಸುವ ಉಚಿತ ಆ್ಯಪ್ ಇದ್ದರೆ ಕೆಲಸ ಆರಂಭಿಸಬಹುದು. ಬೆಳಕಿನ ಬಗ್ಗೆ ಮಾತ್ರ ಎಚ್ಚರ ಬೇಕು: ಕಿಟಕಿಯ ಬಿಸಿಲಿನಲ್ಲಿ ಒಂದು ಗಂಟೆ ಚಿತ್ರ ತೆಗೆದರೆ ಆ ವೇಳೆಗೆ ಭೂಮಿ 15 ಡಿಗ್ರಿ ತಿರುಗಿರುತ್ತದೆ, ತೆರೆಯ ಮೇಲೆ ಎತ್ತು ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಅದರ ನೆರಳು ಗಡಿಯಾರದ ಮುಳ್ಳಿನಂತೆ ಹಲಗೆಯನ್ನು ಸವರಿ ಹೋಗುತ್ತದೆ. ಬಿಸಿಲನ್ನು ಮರೆಮಾಡಿ ಒಂದೇ ದೀಪದಡಿ ಕೆಲಸ ಮಾಡುವುದು ಒಂದು ಉಪಾಯ. ಆ ನೆರಳಿನ ಚಿತ್ರವನ್ನು ಅಳಿಸದೆ ಉಳಿಸಿಕೊಂಡು, ಭೂಮಿಯ ಭ್ರಮಣದ ಪಾಠದ ದಿನ ಹೊರತೆಗೆಯುವುದು ಇನ್ನೊಂದು.

ಕನ್ನಡ ಮಾಧ್ಯಮದ ಶಾಲೆಯೂ ಮರಾಠಿ ಮಾಧ್ಯಮದ ಶಾಲೆಯೂ ನೆರೆಹೊರೆಯಲ್ಲಿರುವ, ಮನೆಯಲ್ಲೊಂದು ಶಾಲೆಯಲ್ಲೊಂದು ನುಡಿಯನ್ನು ಆಡುವ ಮಕ್ಕಳಿರುವ ನಿಪ್ಪಾಣಿ, ಚಿಕ್ಕೋಡಿ, ಕಾಗವಾಡಗಳಂಥ ಗಡಿಯ ಸೀಮೆಯಲ್ಲಿ ಈ ಚಿತ್ರಗಳಿಗೆ ಬೇರೆಡೆ ಇಲ್ಲದ ಒಂದು ಅನುಕೂಲವಿದೆ: ಚಿತ್ರವನ್ನು ಮೊದಲು ಮಾತಿಲ್ಲದೆ ಮುಗಿಸಿ, ಆಮೇಲೆ ಅದೇ ಚಿತ್ರಕ್ಕೆ ಎರಡೂ ನುಡಿಗಳಲ್ಲಿ ವಿವರಣೆಯನ್ನು ಕೂಡಿಸಬಹುದು. ಮಾತು ಕೂಡಿಸುವಾಗ ಫ್ರೇಮಿನ ಲೆಕ್ಕ ಮತ್ತೆ ತಲೆಯೆತ್ತುತ್ತದೆ. 'ಎಡ ಹಿಂಗಾಲು' ಎಂದು ಸ್ಪಷ್ಟವಾಗಿ ಉಚ್ಚರಿಸಲು ಹೆಚ್ಚುಕಡಿಮೆ ಒಂದು ಸೆಕೆಂಡ್ ಹಿಡಿಯುವುದರಿಂದ ಆ ಒಂದು ಹೆಜ್ಜೆಗೇ 12 ಭಂಗಿಗಳು ಬೇಕಾಗುತ್ತವೆ. ಎತ್ತನ್ನು ಬೈಲ್ ಎನ್ನುವ ಮರಾಠಿಯಲ್ಲಿ ಅದೇ ಕಾಲು 'ಡಾವಾ ಮಾಗಚಾ ಪಾಯ್' ಆಗಿ ಇನ್ನೂ ತುಸು ಉದ್ದವಾಗುವುದರಿಂದ, ಮಾತು ಮುಗಿಯುವ ಮೊದಲೇ ಮುಂಗಾಲು ಏಳದಂತೆ ಇನ್ನೆರಡು ಭಂಗಿಗಳನ್ನು ನಡುವೆ ಸೇರಿಸಬೇಕಾಗುತ್ತದೆ, ಅದಕ್ಕಾಗಿ ಗುಂಪಿನವರು ಎತ್ತನ್ನು ಮತ್ತೊಮ್ಮೆ ಹಲಗೆಯ ಮೇಲಿನ ಹಳೆಯ ಗುರುತಿಗೆ ತಂದು ನಿಲ್ಲಿಸಿ, ಮೊಣಕಾಲನ್ನು ಕೂದಲೆಳೆಯಷ್ಟು ಮಡಿಸುತ್ತಾರೆ.